ಸೇಡಂನಲ್ಲಿ ಇದ್ದು ನೋಡಿದ ಬೇಸಿಗೆ

ಹೈದರಾಬಾದಿನಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಒಂದು ಮುಂಜಾನೆ, ನಾನು ಮಾಳಿಗೆ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮೆಟ್ಟಿಲು ಹತ್ತಿ ಬಂದರು. ಸುಮ್ಮಸುಮ್ಮನೆ ಮಾಳಿಗೆಗೆ ಬರುವವರಲ್ಲ ಅವರು. ನೀರಿನ ಟಾಕಿಯ ಮುಚ್ಚಳ ಎತ್ತಿ ನೋಡಿದರು, ಮತ್ತೆ ಮುಚ್ಚಿದರು. ಆಮೇಲೆ ತೆಲುಗಿನಲ್ಲಿ, ಮನೆಯನ್ನು ಬಿಲ್ಡರಿಗೆ ಕೊಟ್ಟಾಯಿತಮ್ಮ, ಇಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ, ಬೇಸಿಗೆ ಮುಗಿಯುವುದರೊಳಗೆ ನೀವು ಬೇರೆ ಕಡೆ ನೋಡಿಕೊಳ್ಳಿ ಅಂದರು. ಮಗಳು ಹುಟ್ಟಿದ್ದು ಆ ಮನೆಗೆ ಬಂದ ಮೇಲೆ. ನಾನು ಹಿಂಡಿದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ "ಸರೇನಂಡಿ" ಅಂದೆ. 

ಅದೇ ವಾರ ಸೇಡಂನಿಂದ ಒಂದು ಫೋನು ಬಂತು. ಎರಡೂ ಬೇರೆ ಬೇರೆ ಕಾಲಕ್ಕೆ ಬಂದಿದ್ದರೆ ತಮ್ಮ ಪಾಡಿಗೆ ತಾವು ಮುಗಿದುಹೋಗುತ್ತಿದ್ದವು ಅಂತ ಈಗಲೂ ಅನಿಸುತ್ತದೆ.

ನಾನು ಎಕ್ಸ್‌ರೇ ತೆಗೆಯುವವಳು. ಹುಟ್ಟಿದ್ದು ಶಹಾಬಾದಿನಲ್ಲಿ. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದರು. ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿದ ವರ್ಷವೇ ಮದುವೆಯಾಯಿತು. ನನ್ನ ಗಂಡ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವರು, ಆಗಲೇ ಹೈದರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನಾನೂ ಅಲ್ಲೇ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸಕ್ಕೆ ಸೇರಿದೆ. ಕಿಟಕಿ ಇಲ್ಲದ ಕೋಣೆ. ಹೊರಗೆ ಮಳೆ ಬಂದದ್ದು ಪೇಷಂಟುಗಳ ಒದ್ದೆ ಚಪ್ಪಲಿ ನೋಡಿದಾಗಲೇ ಗೊತ್ತಾಗುತ್ತಿತ್ತು.

ಫೋನು ಮಾಡಿದ ಡಾಕ್ಟರು ಹಿಂದೆ ನಮ್ಮ ಆಸ್ಪತ್ರೆಯಲ್ಲೇ ಇದ್ದವರು, ಸೇಡಂ ಕಡೆಯ ಹುಡುಗ. ಈಗ ಊರಿಗೆ ಮರಳಿ ಸ್ವಂತದ್ದೊಂದು ಸಣ್ಣ ಆಸ್ಪತ್ರೆ ತೆರೆದಿದ್ದರು. ನಾನು ನರ್ಸ್ ಅಲ್ಲವೆಂದು ಎಷ್ಟು ಸಲ ಹೇಳಿದರೂ ನನ್ನನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದರು.

"ಸಿಸ್ಟರ್, ಹೊಸಾ ಎಕ್ಸ್‌ರೇ ಮಷೀನ್ ಬಂದು ಕುಂತದ್ರಿ. ನಡಸವ್ರು ಯಾರೂ ಇಲ್ಲ. ನೀವು ನಮ್ಮ ಕಡೇವ್ರು. ಬರ್ರಿ."

ನಾನು ಆ ದಿನ ಸಂಜೆ ಗಂಡನಿಗೆ ಹೇಳಿದಾಗ ನನ್ನ ದನಿಯಲ್ಲಿ ಸಂತೋಷವಿತ್ತು, ಅದನ್ನು ಅವರು ಹಿಡಿದರು.

"ಸೇಡಮಕ್ಕ? ಅಲ್ಲೇನದ? ಬಿಸಲು, ಸಿಮೆಂಟ್ ಧೂಳ. ನಾ ಆ ಕಡಿ ಬಿಟ್ಟು ಬಂದಿದ್ದೇ ಕಷ್ಟಪಟ್ಟು."

"ಇಲ್ಲಿ ಊರ ಹೊರಗ ಮನಿ ಹಿಡದ್ರ ನಾ ದಿನಾ ಎಷ್ಟೊತ್ತು ಬಸ್ಸಿನ್ಯಾಗ ನಿಂದರಬೇಕು, ನೀವೇ ಹೇಳ್ರಿ."

"ಬಸ್ಸಿನ್ಯಾಗ ನಿಂದ್ರಾದು ಬ್ಯಾಸರಾಗ್ಯದ ಅಂತ ಊರೇ ಬಿಡ್ತಾರೇನು?"

ಬೇಸರ ಬಸ್ಸಿನದಲ್ಲ ಅಂತ ಹೇಳಬೇಕೆಂದಿದ್ದೆ. ಯಾವುದರದ್ದೆಂದು ನನಗೇ ತಿಳಿದಿರಲಿಲ್ಲ. ಹಾಗಾಗಿ ಹಠಕ್ಕೆ ಬಿದ್ದು ಸೇಡಂ ಬಗ್ಗೆ ಇಲ್ಲದ್ದೆಲ್ಲ ಹೇಳಿದೆ. ಗಾಳಿ ಚೆನ್ನಾಗಿದೆ ಅಂದೆ. ಶಹಾಬಾದ್ ಹತ್ತಿರ ಅಂದೆ. ಶಹಾಬಾದಿನಲ್ಲಿ ಈಗ ನಮ್ಮವರು ಯಾರೂ ಇಲ್ಲ, ಅಪ್ಪ ಅವ್ವ ಇಬ್ಬರೂ ಹೋಗಿ ವರ್ಷಗಳಾದವು. ಅದು ಅವರಿಗೂ ಗೊತ್ತು. 

ಮಗಳು ಆಗ ಎಂಟನೇ ತರಗತಿ ಪರೀಕ್ಷೆ ಬರೆದಿದ್ದಳು. ವಿಷಯ ಕಿವಿಗೆ ಬಿದ್ದದ್ದೇ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಕನ್ನಡ ಮನೆಯ ಮಾತಷ್ಟೇ. ಓದಲು ಬರೆಯಲು ತೆಲುಗು, ಇಂಗ್ಲಿಷು, ಹಿಂದಿ. ಸೇಡಂನ ಶಾಲೆಯಲ್ಲಿ ಕನ್ನಡ ಓದಲೇಬೇಕು. "ಒಂಬತ್ನೇದಾಗ ಅ, ಆ ಇಂದ ಶುರು ಮಾಡ್ಲೇನು? ಎಲ್ಲಾರೂ ನಗ್ತಾರ," ಅಂತ ಬಾಗಿಲ ಹಿಂದಿನಿಂದಲೇ ಕೂಗಿದಳು. 

ಕೊನೆಗೆ ಡಾಕ್ಟರೇ ಒಂದು ದಾರಿ ಹೇಳಿದರು. ಮೇ ತಿಂಗಳು ರಜಾ ಹಾಕಿ ಬಂದು ಇದ್ದು ನೋಡ್ರಿ, ಮನಸ್ಸಿಗಿ ಸೇರಿದ್ರ ಉಳೀರಿ, ಇಲ್ಲಂದ್ರ ಹೋಗ್ರಿ. ಗಂಡ ಕಾಲೇಜಿನ ಬೇಸಿಗೆ ತರಗತಿಗಳಿಗಾಗಿ ಹೈದರಾಬಾದಿನಲ್ಲೇ ಉಳಿದರು, ವಾರದ ಕೊನೆಗೆ ಬರುತ್ತೇನೆ ಎಂದರು. "ಮೇ ತಿಂಗಳದಾಗ ಸೇಡಂ ನೋಡ್ರಿ, ತಾನೇ ಬುದ್ಧಿ ಬರ್ತದ," ಅಂತ ರೈಲಿನ ಕಿಟಕಿಯ ಹೊರಗೆ ನಿಂತು ನಕ್ಕರು. ಮಗಳು ತಾಂಡೂರು ದಾಟುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಡಾಕ್ಟರು ಗೊತ್ತು ಮಾಡಿದ್ದ ಮನೆ ಹಳೆಯ ಬಜಾರಿನ ಹಿಂದೆ, ಒಂದು ಮುಸಲ್ಮಾನ ಕುಟುಂಬದ್ದು. ಮೇಲಿನ ಎರಡು ಕೋಣೆ ನಮಗೆ. ಕೆಳಗೆ ಮನೆಯೊಡತಿ, ಓಣಿಯವರೆಲ್ಲ ಖಾಲಾ ಎಂದು ಕರೆಯುವ ವಯಸ್ಸಾದ ಹೆಂಗಸು. ಅವರ ಮನೆತನದ ಬಳೆ ಅಂಗಡಿ ಬಜಾರಿನಲ್ಲಿ ಎಷ್ಟು ಹಳೆಯದೆಂದು ಅವರಿಗೂ ಗೊತ್ತಿರಲಿಲ್ಲ. ಈಗ ಮಗ ನೋಡಿಕೊಳ್ಳುತ್ತಿದ್ದ. ನಾವು ಸಾಮಾನು ಇಳಿಸುವಾಗ ಖಾಲಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಪ್ರತಿಯೊಂದನ್ನೂ ನೋಡಿದರು.

"ಇಷ್ಟೇ ಸಾಮಾನೇನ್ರಿ?"

"ಒಂದು ತಿಂಗಳಿದ್ದು ನೋಡಾಕ ಬಂದೀವ್ರಿ."

"ಊರು ನೋಡಾಕ ಒಂದು ತಿಂಗಳು ಯಾಕ ಬೇಕು? ಸಂಜಿಮುಂದ ಒಂದು ಸುತ್ತು ಹೊಡದ್ರ ಮುಗೀತು."

ಮೇಲೆ ಹೋದರೆ ಕೋಣೆ ಕಾದ ಹಂಚಿನ ಹಾಗಿತ್ತು. ನೆಲಕ್ಕೆ ಪರಸಿ ಹಾಕಿದ್ದರು. ನೀರು ಚಿಮುಕಿಸಿ ಒರೆಸಿದ ಮೇಲೆ ಮಗಳು ಚಾಪೆಯನ್ನೂ ಹಾಸದೆ ಅದರ ಮೇಲೆ ಅಂಗಾತ ಮಲಗಿದಳು. "ನಿಮ್ಮೂರ ಕಲ್ಲು ಥಂಡ ಅದ," ಅಂದಳು. ಅದು ಆ ದಿನ ಅವಳಾಡಿದ ಮೊದಲ ಒಳ್ಳೆಯ ಮಾತು.

ಮಾರನೆಯ ದಿನದಿಂದ ಆಸ್ಪತ್ರೆಗೆ ಹೋಗತೊಡಗಿದೆ. ಎಕ್ಸ್‌ರೇ ಕೋಣೆಗೆ ಒಂದು ಸಣ್ಣ ಕಿಟಕಿಯಿತ್ತು, ಅದರಾಚೆ ಬೇವಿನ ಮರ. ಮೊದಲ ಪೇಷಂಟು ತೊಗರಿ ವ್ಯಾಪಾರದ ಒಬ್ಬ ಯಜಮಾನರು. ಎದೆಯ ಎಕ್ಸ್‌ರೇ. ಅವರನ್ನು ನಿಲ್ಲಿಸಿ, ಅಭ್ಯಾಸಬಲದಿಂದ ತೆಲುಗಿನಲ್ಲಿ "ಗಾಲಿ ಪೀಲ್ಚಂಡಿ" ಅಂದುಬಿಟ್ಟೆ. ಅವರು ತಿರುಗಿ ನೋಡಿದರು. ಸರಿಮಾಡಿಕೊಳ್ಳಲು ಹೋದರೆ ಬಾಯಿಗೆ ಹಿಂದಿ ಬಂತು. ಇಷ್ಟು ವರ್ಷ ಆ ಒಂದು ಕೆಲಸವನ್ನು ನಾನು ಕನ್ನಡದಲ್ಲಿ ಮಾಡಿಯೇ ಇರಲಿಲ್ಲ. ಕಷ್ಟಪಟ್ಟು, "ಉಸರು ಜಗ್ಗಿ ಹಿಡ್ಕೋರಿ," ಅಂದೆ. ಅವರು ಹಿಡಿದರು. ಬಿಡಿ ಎನ್ನುವುದನ್ನು ಮರೆತು ನಾನು ನಿಂತೆ. ಅವರೇ ಉಸಿರುಗಟ್ಟಿ, "ಬಿಡ್ಲೇನ್ರಿ ಯವ್ವಾ?" ಅಂದರು.

ಮಧ್ಯಾಹ್ನ ಮನೆಗೆ ಬಂದರೆ ಖಾಲಾಗೆ ಆಗಲೇ ಈ ಸುದ್ದಿ ಗೊತ್ತಾಗಿತ್ತು. "ಮುದುಕನ ದಮ್ ಕಟ್ಟಿಸಿದ್ರಂತಲ್ಲ," ಅಂದರು. ನಾನು ನಕ್ಕೆ. ಮೆಟ್ಟಿಲು ಹತ್ತುವಾಗ ನಗು ಹೋಗಿತ್ತು. ಹೈದರಾಬಾದಿನ ನೆಲಮಾಳಿಗೆಯಲ್ಲಿ ನಾನು ಏನು ಮಾಡಿದರೂ ಅದು ಆ ನೆಲಮಾಳಿಗೆಯಲ್ಲೇ ಉಳಿಯುತ್ತಿತ್ತು.

ಇತ್ತ ಮಗಳು, ಬರುವುದಿಲ್ಲ ಎಂದು ಬಾಗಿಲು ಹಾಕಿಕೊಂಡವಳು, ಖಾಲಾನ ಹಿಂದೆ ಸುತ್ತತೊಡಗಿದಳು. ಇಬ್ಬರೂ ಹೈದರಾಬಾದಿನ ಓಣಿಯಲ್ಲಿ ಅವಳು ಕಲಿತ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಒಂದು ಸಂಜೆ ತರಕಾರಿಗೆಂದು ಬಸ್‌ಸ್ಟ್ಯಾಂಡ್ ಕಡೆ ಹೋದಾಗ ಅವಳು ಒಂದು ಬಸ್ಸಿನ ಮುಂದೆ ನಿಂತುಬಿಟ್ಟಳು. ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡುತ್ತ, ಒಂದೊಂದೇ ಅಕ್ಷರ ಕೂಡಿಸಿ, "ಕಾ... ಳ... ಗಿ. ಕಾಳಗಿ!" ಎಂದು ಕೂಗಿದಳು. ಬಸ್ಸಿನ ಕಂಡಕ್ಟರು, "ಹತ್ತವಾ ಲಗೂನ, ಬಿಡ್ಲಿಕತ್ತದ," ಅಂದ.

"ಮಮ್ಮಿ, ಇದು ತೆಲುಗೇ ಅದ. ಥೋಡೆ ಟೋಪಿ ಬದಲಾಗ್ಯದ ಅಷ್ಟೇ."

ಅಕ್ಷರದ ತಲೆಕಟ್ಟಿಗೆ ಟೋಪಿ ಎಂದಿದ್ದಳು. ಆ ದಿನದಿಂದ ಸೇಡಂನ ಬೋರ್ಡುಗಳೆಲ್ಲ ಅವಳಿಗೆ ಪಾಠವಾದವು. ಒತ್ತಕ್ಷರದಲ್ಲಿ ಎಡವಿದರೆ ಅಂಗಡಿಯವರನ್ನೇ ಕೇಳುತ್ತಿದ್ದಳು. ನಾನು ಖುಷಿಪಡಬೇಕಿತ್ತು. ಪಟ್ಟೆ ಕೂಡ. ಆದರೆ ಅವಳ ಹಟ ನನಗೊಂದು ಆಸರೆಯಾಗಿತ್ತು ಅಂತ ಅದು ಹೋದ ಮೇಲೆ ತಿಳಿಯಿತು. ಬೇಡ ಎನ್ನಲು ಮಗಳ ಕಾರಣ ಹೇಳಬಹುದೆಂದು ಎಲ್ಲೋ ಒಳಗೆ ಇಟ್ಟುಕೊಂಡಿದ್ದೆ.

ಗಂಡ ಬಂದ ಮೊದಲ ಭಾನುವಾರ ಚಿಮ್ಮನಚೋಡಕ್ಕೆ ಅಣ್ಣನನ್ನು ನೋಡಲು ಹೋದರು. ಭಾವನವರು ಹೊಲ ಮಾಡಿಕೊಂಡು ಗಟ್ಟಿಯಾಗಿದ್ದಾರೆ, ಮಾತು ನೇರ. ಸಂಜೆ ಹಿಂದಿರುಗಿದ ಗಂಡನ ಮುಖ ಕೆಂಪಾಗಿತ್ತು. ಬಿಸಿಲಿಗೋ ಸಿಟ್ಟಿಗೋ ತಿಳಿಯಲಿಲ್ಲ.

"ಏನಂದ್ರು ಭಾವ?"

"ಬರಬ್ಯಾಡ ಅಂದ. ನೀ ಹೈದರಾಬಾದಿನ್ಯಾಗಿದ್ರ ನಮಗೊಂದು ಮರ್ಯಾದಿ, ಸೇಡಮಕ್ಕ ಬಂದು ಕುಂತ್ರ ಮಂದಿ ಅಲ್ಲಿ ನೌಕರಿ ಹೋತಂತ ಅಂತಾರ, ಅಂದ." ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದರು. "ನನ್ನ ಬದುಕು ನಾ ಎಲ್ಲಿ ಮಾಡಬೇಕಂತ ಅವಾ ಹೇಳ್ತಾನೇನು? ಬರಾದೇ ಖರೆ ಈಗ."

"ಅಣ್ಣ ಬ್ಯಾಡಂದಾರಂತ ಬರ್ತೀರೇನು?"

"ನಿಂದೇ ಆಸಿ ಇತ್ತಲ್ಲ? ಈಗ ನಾ ಹೂಂ ಅಂದ್ರ ನೀ ಯಾಕ ಹಿಂಗ ಮಾರಿ ಮಾಡ್ಲಿಕತ್ತಿ?"

ಅವರು ಕೇಳಿದ್ದು ಸರಿಯಾಗಿತ್ತು. ನಾನು ಯಾಕೆ ಹಾಗೆ ಮುಖ ಮಾಡಿದೆ? ಅವರು ಬೇಡ ಎನ್ನುತ್ತಿದ್ದಾಗ ನನಗೆ ಸೇಡಂ ಬೇಕಾಗಿತ್ತು. ಅವರು ಹೂಂ ಎಂದ ಕೂಡಲೇ ನನ್ನ ಕಣ್ಣಿಗೆ ಹೈದರಾಬಾದಿನ ನಮ್ಮ ಬಸ್‌ಸ್ಟಾಪು, ಅದರ ಪಕ್ಕದ ಇರಾನಿ ಚಹಾದ ಅಂಗಡಿ, ರಾತ್ರಿಪಾಳಿ ಮುಗಿಸಿ ಬರುವಾಗ ಯಾರೂ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳದ ಆ ರಸ್ತೆ, ಇವೆಲ್ಲ ಬಂದು ನಿಂತವು.

ಮುಂದಿನ ವಾರ ಅವರು ಇನ್ನೊಂದು ವಿಚಾರ ತಂದರು. ವಾಡಿಯಲ್ಲಿ ಇರೋಣ. ಅಲ್ಲಿ ಎಲ್ಲ ರೈಲೂ ನಿಲ್ಲುತ್ತವೆ, ಅವರು ಹೈದರಾಬಾದಿಗೆ ಹೋಗಿಬರಲು ಸುಲಭ, ನಾನು ಸೇಡಮಕ್ಕೆ ರೈಲಿನಲ್ಲೇ ಬರಬಹುದು. ಮೂವರೂ ಹೋಗಿ ನೋಡಿದೆವು. ಸಿಮೆಂಟ್ ಕಾರ್ಖಾನೆಯ ಕೆಲಸಗಾರರ ಕ್ವಾರ್ಟರ್ಸ್ ದಾಟಿದರೆ ಒಂದು ಒಳ್ಳೆಯ ಮನೆ ಖಾಲಿಯಿತ್ತು. ಗಂಡ ಜಂಕ್ಷನ್ನಿನ ಮೇಲ್ಸೇತುವೆಯ ಮೇಲೆ ನಿಂತು ಬರುವ ಹೋಗುವ ಗಾಡಿಗಳನ್ನು ನೋಡುತ್ತ ಹುಡುಗನ ಹಾಗೆ ಖುಷಿಯಾದರು. ನಾನು ಆ ಮನೆಯ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ಬೆರಳನ್ನು ಅವರಿಗೆ ತೋರಿಸಿದೆ. ಬೂದಿ ಬಣ್ಣ. "ಶಹಾಬಾದಿನ್ಯಾಗ ಹುಟ್ಟಿದಾಕಿ ಧೂಳಿಗಿ ಅಂಜತಿ," ಅಂದರು. ಅಲ್ಲಿಗೆ ವಾಡಿಯ ಮಾತು ಮುಗಿಯಿತು. ಅದರ ಮರುದಿನವೇ ಒಬ್ಬ ಹೆಂಗಸು ಆಸ್ಪತ್ರೆಗೆ ಬಂದಳು.

ಅವಳು ನೀಲಿ ಸೀರೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಬಂದಾಗ ನಾನು ಗುರುತಿಸಲಿಲ್ಲ. ಎದೆಯ ಎಕ್ಸ್‌ರೇ ಬರೆದಿದ್ದರು. ಕೆಮ್ಮು, ಜ್ವರ, ಸೊರಗುತ್ತಿದ್ದಾಳೆ. ಗದ್ದ ಮೇಲೆತ್ತಿ ನಿಲ್ಲಲು ಹೇಳಿ ಹತ್ತಿರ ಹೋದೆ. ಗದ್ದದ ಕೆಳಗೆ ಸುಟ್ಟ ಕಲೆ. ಶಹಾಬಾದಿನ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಗೆ ಇದ್ದದ್ದು ಅದೇ ಕಲೆ, ಹಂಚು ತಗುಲಿ ಆದದ್ದು. ನಾನು ಅವಳ ಹೆಸರು ಹಿಡಿದು ಕರೆದೆ. ಅವಳು ಸಂತೋಷಪಡಲಿಲ್ಲ. ಗೋಡೆಗೆ ಒರಗಿದಳು.

"ಅಯ್ಯ ದೇವರೇ. ನೀ ಇಲ್ಲೇನ್ ಮಾಡ್ಲಿಕತ್ತಿ? ನೀ ಹೈದರಾಬಾದಿನ್ಯಾಗ ಇದ್ದಿ ಅಲ್ಲ?"

"ಈಗ ಬಂದೀನಿ. ನೀ?"

"ನನ್ನ ಕೊಟ್ಟಿದ್ದು ಚಿತ್ತಾಪುರಕ್ಕ. ಅಲ್ಲಿ ತೋರಿಸಿದ್ರ ಎಲ್ಲಾರಿಗೂ ಗೊತ್ತಾಗ್ತದಂತ ಇಷ್ಟು ದೂರ ಸೇಡಮಕ್ಕ ಬಂದೀನಿ. ಇಲ್ಲಿ ಗುರ್ತಿನವರು ಯಾರೂ ಇಲ್ಲಂತ ಬಂದೀನಿ."

ಅವಳ ಮಗಳ ನಿಶ್ಚಯ ಆಗಲಿತ್ತು. ಬೀಗರಿಗೆ ತಾಯಿಯ ಕೆಮ್ಮಿನ ಸುದ್ದಿ ಹೋದರೆ ಸಂಬಂಧ ಮುರಿಯುತ್ತದೆ ಎಂಬ ಹೆದರಿಕೆ. ಗಂಡನಿಗೂ ಹೇಳದೆ, ಮಗಳಿಗೆ ಬಟ್ಟೆ ತರುತ್ತೇನೆಂದು ಬಂದಿದ್ದಳು. ನಾನು ಎಕ್ಸ್‌ರೇ ತೆಗೆದೆ. ಪರದೆಯ ಮೇಲೆ ಚಿತ್ರ ಮೂಡಿತು. ಬಲಗಡೆ, ಮೇಲ್ಭಾಗದಲ್ಲಿ, ಬಿಳಿ ಮಬ್ಬು. ಇಂಥವನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಯಾವಾಗಲೂ ಒಂದೇ ಮಾತು ನನ್ನದು: ಹೊರಗೆ ಕುಳಿತಿರಿ, ಡಾಕ್ಟರು ಹೇಳುತ್ತಾರೆ. ನಮ್ಮ ಕೆಲಸದ ನಿಯಮ ಅದು, ಒಳ್ಳೆಯ ನಿಯಮ.

ಅವಳು ಪರದೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನದ?"

"ಡಾಕ್ಟರ್ ಹೇಳ್ತಾರ. ಹೊರಗ ಕುಂದ್ರು."

"ನಿಂಗ ಕಾಣಿಸ್ಯದ. ನೀ ಹೇಳು."

"ನಾ ಹೇಳಂಗಿಲ್ಲ. ನಿಯಮ ಇಲ್ಲ."

"ಒಂದು ಬೆಂಚಿನ್ಯಾಗ ಕುಂತು ನನ್ನ ಬುತ್ತಿಯಾಗಿನ ರೊಟ್ಟಿ ತಿಂದೀದಿ. ಈಗ ನಿಯಮ ಹೇಳ್ತಿ?"

ಅವಳು ಸೆರಗು ಸರಿಪಡಿಸಿಕೊಂಡು ಹೋದಳು. ಹೊರಗೆ ಕುಳಿತಿದ್ದಾಳೆ ಎಂದುಕೊಂಡೆ. ಮುಂದಿನ ಇಬ್ಬರು ಪೇಷಂಟುಗಳನ್ನು ಮುಗಿಸಿ ಇಣುಕಿದರೆ ಬೆಂಚು ಖಾಲಿ. ಡಾಕ್ಟರರನ್ನು ಮತ್ತೆ ಕಾಣದೆ ಹೊರಟುಹೋಗಿದ್ದಳು.

ಡಾಕ್ಟರು ಚಿತ್ರ ನೋಡಿ ನಾಲಿಗೆ ಲೊಚಗುಟ್ಟಿದರು. ಕಫದ ಪರೀಕ್ಷೆ ಆಗಲೇಬೇಕು, ಬಹುಶಃ ಟಿಬಿ, ಬಿಟ್ಟರೆ ಮನೆಯವರಿಗೂ ಅಂಟುತ್ತದೆ ಎಂದರು. ಅವಳು ಕೊಟ್ಟಿದ್ದ ಫೋನ್ ನಂಬರು ಸುಳ್ಳಾಗಿತ್ತು. "ನಿಮ್ಮ ಗೆಳತಿ ಅಂತೀರಲ್ಲ ಸಿಸ್ಟರ್, ನೀವೇ ಹೋಗಿ ಕರಕೊಂಡು ಬರ್ರಿ. ನಾಳಿ ಬೆಳಿಗ್ಗಿ ನಾ ಸಂಭಾಳಸ್ತೀನಿ."

ಹೈದರಾಬಾದಿನಲ್ಲಿ ಹೀಗೆ ಯಾವ ಡಾಕ್ಟರೂ ನನಗೆ ಹೇಳಿದ್ದಿಲ್ಲ. ಹೇಳಿದ್ದರೆ ಅದು ನನ್ನ ಕೆಲಸವಲ್ಲ ಅನ್ನುತ್ತಿದ್ದೆ.

ಮರುದಿನ ಮುಂಜಾನೆ ಪ್ಯಾಸೆಂಜರ್ ಗಾಡಿಗೆ ಚಿತ್ತಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ವಾಪಸು ಬರುವ ಯೋಚನೆಯೇ. ಅವಳು ಬಚ್ಚಿಡಬೇಕೆಂದದ್ದನ್ನು ಅವಳ ಮನೆಬಾಗಿಲಿಗೆ ಹೊತ್ತುಕೊಂಡು ಹೋಗುತ್ತಿದ್ದೇನೆ, ನಾನು ಹೋದದ್ದರಿಂದಲೇ ಮದುವೆ ಮುರಿದರೆ? ಹೋಗದೆ ಇದ್ದು ಅವಳಿಗೇನಾದರೂ ಆದರೆ? ನಾನು ಈ ಊರುಗಳಿಗೆ ಬಾರದೆ ಇದ್ದಿದ್ದರೆ ಅವಳು ಡಾಕ್ಟರರಿಗಾಗಿ ಹೊರಗೆ ಕಾಯುತ್ತಿದ್ದಳಲ್ಲ? ಚಿತ್ತಾಪುರದಲ್ಲಿ ಇಳಿದು ಟಂಟಂ ಆಟೊ ಹತ್ತುವಾಗಲೂ ಒಂದು ತೀರ್ಮಾನವಿರಲಿಲ್ಲ. ಮನೆ ಹುಡುಕಲು ಕಷ್ಟವಾಗಲಿಲ್ಲ. ಶಹಾಬಾದಿನಿಂದ ಬಂದ ಸೊಸೆ, ಮಗಳ ನಿಶ್ಚಯ ಇದೆ ಎಂದದ್ದೇ ತಡ, ಟಂಟಂನವನು ನೇರ ಬಾಗಿಲ ಮುಂದೆ ನಿಲ್ಲಿಸಿದ.

ಅಂಗಳದಲ್ಲಿ ಹೆಂಗಸರು ಕುಳಿತು ಹಪ್ಪಳ ಲಟ್ಟಿಸುತ್ತಿದ್ದರು. ಅವಳು ನನ್ನನ್ನು ಕಂಡು ಒಂದು ಕ್ಷಣ ಬಿಳಿಚಿಕೊಂಡಳು. ಮರುಕ್ಷಣ ಎದ್ದು ಬಂದು ಜೋರಾಗಿ, "ನೋಡ್ರಿ, ನಮ್ಮ ಶಾಲಿ ಗೆಳತಿ! ಹೈದರಾಬಾದಿನಿಂದ ನನ್ನ ಮಗಳ ನಿಶ್ಚಯದ ಸುದ್ದಿ ಕೇಳಿ ಬಂದಾಳ!" ಎಂದು ನನ್ನ ಕೈ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. ಕೈ ಸುಡುತ್ತಿತ್ತು.

"ಯಾಕ ಬಂದಿ?" ಅಂದಳು ಮೆಲ್ಲಗೆ.

"ಹೇಳಾಕ ಬಂದೀನಿ. ನಿನ್ನೆ ಹೇಳಲಿಲ್ಲಲ್ಲ. ಬಲಗಡಿ ಎದಿಯಾಗ ಏನೋ ಅದ. ಕಫ ನೋಡಿದ್ರ ಏನಂತ ತಿಳೀತದ. ಟಿಬಿ ಇದ್ರ ಗುಳಿಗಿ ಅವ, ಪೂರಾ ಹೋಗ್ತದ. ಆದ್ರ ಗುಳಿಗಿ ನುಂಗಬೇಕು."

"ನಿಶ್ಚಯ ಮುಗೀಲಿ."

"ನಿನ್ನ ಮಗಳು ನಿನ್ನ ಬಾಜುಕ್ಕೇ ಮಲಗ್ತಾಳಲ್ಲ?"

 ಹೊರಗೆ ಹೆಂಗಸರು ನಗುತ್ತಿದ್ದರು. ಅವಳಿಗೆ ಕೆಮ್ಮು ಬಂತು. ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು, ಗೋಡೆಗೆ ಹಣೆ ಹಚ್ಚಿ ಕೆಮ್ಮಿದಳು. ನಾನು ಬೆನ್ನು ಸವರುತ್ತ ನಿಂತೆ. ಕೆಮ್ಮು ನಿಂತ ಮೇಲೆ ಅವಳು, "ನನ್ನ ಗಂಡಗ ನೀ ಹೇಳು. ನನ್ನ ಬಾಯಿಲೆ ಆಗಂಗಿಲ್ಲ," ಅಂದಳು.

ಅವಳ ಗಂಡನಿಗೆ ನಾನೇ ಹೇಳಿದೆ, ಬೀದಿಯ ಬೇವಿನ ಮರದ ಕೆಳಗೆ ನಿಂತು. ಒರಟನಂತೆ ಕಾಣುತ್ತಿದ್ದ ಮನುಷ್ಯ. ಬೈಯುತ್ತಾನೆಂದು ಹೆದರಿದ್ದೆ. ಅವನು ಕೇಳಿ ಮುಗಿಸಿ, "ಹಂಗಾದ್ರ ಬಟ್ಟಿ ತರಾಕ ಹೋಗಿದ್ದಿಲ್ಲ ಆಕಿ," ಅಂದ. ಆಮೇಲೆ, "ನಡೀರಿ, ಈಗೇ ಹೋಗಾಮಿ," ಅಂದ. ಮೂವರೂ ಒಟ್ಟಿಗೆ ಸೇಡಮಕ್ಕೆ ಬಂದೆವು. ಪರೀಕ್ಷೆಯಲ್ಲಿ ಟಿಬಿ ಎಂದೇ ಬಂತು. ಸರಕಾರಿ ದವಾಖಾನೆಯಿಂದ ಗುಳಿಗೆ ಶುರುವಾದವು. ನಿಶ್ಚಯ ಸ್ವಲ್ಪ ಮುಂದೆ ಹೋಯಿತು. ಬೀಗರ ಕಡೆಯವರಿಗೆ ಅವನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಅವರು ಬೇಸರಿಸಿಕೊಂಡರು, ಸಂಬಂಧ ಬಿಡಲಿಲ್ಲ. ಆ ಹುಡುಗಿಯ ಮದುವೆ ಮುಂದಿನ ಚಳಿಗಾಲದಲ್ಲಿ ಆಯಿತು. ನಾನು ಉಂಡು ಬಂದೆ.

ಆ ಮೇ ತಿಂಗಳಲ್ಲಿ ಮಾತ್ರ ಇದು ಹೀಗೆ ಮುಗಿಯುತ್ತದೆಂದು ಗೊತ್ತಿರಲಿಲ್ಲ. ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವರು, "ನೋಡು, ಅದಕ್ಕೇ ಹೇಳಾದು, ಅಲ್ಲಿ ನಿನ್ನ ಕೆಲಸಕ್ಕ ಅರ್ಥ ಅದ," ಅಂದರು. ನನಗೆ ಹಾಗೆ ಅನಿಸಿರಲಿಲ್ಲ. ಪ್ರತಿ ಎಕ್ಸ್‌ರೇ ಹಿಂದೆ ಒಂದೊಂದು ಊರಿಗೆ ಹೋಗಿ ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತ ಬದುಕಲು ನನ್ನಿಂದಾಗುತ್ತದೆಯೇ? ಇನ್ನೊಂದು ಕಡೆ, ಹೈದರಾಬಾದಿನಲ್ಲಿ ನಾನು ಹೊರಗೆ ಕೂರಿಸಿದ ಎಷ್ಟು ಮಂದಿ ಹೀಗೆ ಎದ್ದುಹೋಗಿರಬಹುದು? ಯಾವತ್ತೂ ಇಣುಕಿ ನೋಡಿರಲಿಲ್ಲ. ಅಲ್ಲಿಗೆ ಮರಳಿದರೂ ಇನ್ನು ನೋಡದೆ ಇರಲಾಗುವುದಿಲ್ಲ. ಎರಡು ಕಡೆಯೂ ಕೆಟ್ಟಿತು ಅನಿಸಿತು.

ತಿಂಗಳು ಮುಗಿಯುತ್ತ ಬಂತು. ಖಾಲಾ ಒಂದು ಸಂಜೆ ಮೆಟ್ಟಿಲ ಬುಡದಿಂದಲೇ ಕೂಗಿದರು.

"ಏನ್ ಸೋಚ್ ಮಾಡೀರಿ? ಬ್ಯಾಂಕಿನವರೊಬ್ಬರು ಮನಿ ಕೇಳ್ಲಿಕತ್ತಾರ."

"ಇನ್ನಾ ಗೊತ್ತಾಗ್ಲಿಕತ್ತಿಲ್ರಿ ಖಾಲಾ."

"ನಿಮಗ ಹೈದರಾಬಾದ್ ಬಿಡಾಕ ಮನಸ್ಸಿಲ್ಲ, ಸೇಡಂ ಹಿಡ್ಯಾಕ ಹಿಮ್ಮತ್ ಇಲ್ಲ. ನಾ ಮನಿ ಖಾಲಿ ಇಟ್ಟು ನಿಮ್ಮ ಮಾರಿ ನೋಡ್ಲೇನು?"

"ನೀವು ಈ ಊರು ಬಿಟ್ಟು ಹೋಗಬೇಕು ಅನ್ಕೊಂಡಿದ್ರೇನ್ರಿ ಯಾವಾಗರೆ?"

ಅವರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತರು. "ಲಗ್ನಾದ ಹೊಸದಾಗಿ ಅವರು ಹೋಗಾಮ ಅಂದಿದ್ರು. ಬಾಂಬೆಕ್ಕ. ನಾ ಒಲ್ಲೆ ಅಂದೆ." ಕುರ್ಚಿಯ ಕೈ ಹಿಡಿದು ಏಳುತ್ತ ಅಂದರು, "ಛಲೋ ಮಾಡಿದೆನೋ ಇಲ್ಲೋ, ಅಲ್ಲಾಗೇ ಗೊತ್ತು. ನಾಳಿ ಹೇಳ್ರಿ ನನಗ."

ಮರುದಿನ ಅವರಿಗೆ ಏನೂ ಹೇಳಲಿಲ್ಲ. ಗಂಡ ಬಂದಿದ್ದರು. ಹೈದರಾಬಾದಿನ ಮನೆ ಖಾಲಿ ಮಾಡುವ ಕಾಲ ಹತ್ತಿರವಾಗಿತ್ತು. ಮೂವರೂ ಹೋಗಿ ಸಾಮಾನು ಕಟ್ಟುವುದು, ಆಮೇಲೆ ಎಲ್ಲಿಗೆಂದು ಅಲ್ಲೇ ಯೋಚಿಸುವುದು ಎಂದು ಮಧ್ಯಾಹ್ನದ ಗಾಡಿಗೆ ಸೇಡಂ ಸ್ಟೇಷನ್ನಿಗೆ ಬಂದೆವು. ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ನೆರಳಿನಲ್ಲಿ ಕುಳಿತು ಮತ್ತೆ ಅದೇ ಮಾತು. ಅವರು ಬರೋಣ ಎಂದರೆ ನಾನು ಬೇಡ ಎಂದೆ. ಹಾಗಾದರೆ ಬೇಡ ಬಿಡು ಎಂದು ಅವರು ಕೈಚೆಲ್ಲಿದ ಕೂಡಲೇ, ಡಾಕ್ಟರರಿಗೆ ಏನು ಹೇಳುವುದು, ಮಷೀನು ಯಾರು ನಡೆಸುತ್ತಾರೆ ಎಂದು ನಾನೇ ಶುರು ಮಾಡಿದೆ. ಅವರಿಗೆ ಸಿಟ್ಟು ಬಂತು.

"ನೀ ಏನ್ ಅಂತಿ ಅದರೆ ಹೇಳು. ಯಾವ ಕಡಿ ನಾ ಎಳೀತೀನಿ ಅದರ ಉಲ್ಟಾ ಕಡಿ ನೀ ಹೊಂಟೀದಿ."

"ನೀವೂ ಅಷ್ಟೇ ಅಲ್ರಿ? ಮೊದಲು ಒಲ್ಲೆ ಅಂದವರು ಯಾರು?"

ಎದುರಿನ ಬೆಂಚಿನವರು ನಮ್ಮನ್ನೇ ನೋಡುತ್ತಿದ್ದರು. ಅವರಲ್ಲೊಬ್ಬರು ನಾನು ಉಸಿರು ಬಿಡಿಸಲು ಮರೆತಿದ್ದ ಯಜಮಾನರ ಮಗ ಎಂದು ಆಮೇಲೆ ತಿಳಿಯಿತು. ಮಗಳು ಚೀಲ ಹೆಗಲಿಗೇರಿಸಿ ಎದ್ದಳು.

"ನಂಗ ಹಸಿವಾಗ್ಯದ. ನಾ ಮನಿಗಿ ಹೋಗ್ತೀನಿ. ನೀವು ಜಗಳ ಮುಗಿಸಿ ಬರ್ರಿ."

"ಯಾವ ಮನಿಗಿ?" ಅಂದರು ಅವಳ ಅಪ್ಪ.

ಅವಳು ಹುಚ್ಚರನ್ನು ನೋಡುವ ಹಾಗೆ ನಮ್ಮಿಬ್ಬರನ್ನೂ ನೋಡಿದಳು. "ಖಾಲಾನ ಮನಿಗಿ. ಬ್ಯಾರೆ ಯಾವುದದ? ಅಲ್ಲಿದು ಒಡೀಲಿಕತ್ತಾರಲ್ಲ?" ಅಂದು, ಉತ್ತರಕ್ಕೂ ಕಾಯದೆ ಸ್ಟೇಷನ್ನಿನ ಗೇಟಿನ ಕಡೆ ನಡೆದಳು. ಅಷ್ಟರಲ್ಲಿ ಗಾಡಿ ಬಂತು. ಮಗಳು ಅತ್ತ, ಗಾಡಿ ಇತ್ತ. ನಾನು ಏನೂ ಯೋಚಿಸದೆ ಮಗಳ ಹಿಂದೆ ಓಡಿದೆ. ತಿರುಗಿ ನೋಡಿದಾಗ ಗಂಡ ಗಾಡಿಯ ಬಾಗಿಲಲ್ಲಿ ನಿಂತು, ಸಾಮಾನು ತರುತ್ತೇನೆ ಎಂದೋ ಏನೋ ಕೈಸನ್ನೆ ಮಾಡುತ್ತಿದ್ದರು. ಗಾಡಿಯ ಸದ್ದಿಗೆ ಕೇಳಿಸಲಿಲ್ಲ.

ಹೀಗೆ ನಿರ್ಧಾರವಾಯಿತು. ಇದನ್ನು ನಿರ್ಧಾರ ಎನ್ನಬಹುದಾದರೆ. ದಾರಿಯುದ್ದಕ್ಕೂ ನನಗೆ ಮಗಳ ಮೇಲೆ ಸಿಟ್ಟು. ಇಷ್ಟು ದಿನ ನಾವು ತಲೆ ಕೆಡಿಸಿಕೊಂಡದ್ದನ್ನು ಅವಳು ಹಸಿವಾಗಿದೆ ಎಂದು ಮುಗಿಸಿಬಿಟ್ಟಳಲ್ಲ. ನಮ್ಮನ್ನು ಕಂಡ ಖಾಲಾ ಆಶ್ಚರ್ಯಪಡಲಿಲ್ಲ. "ಬಂದ್ರೇನು? ಛಲೋ ಆತು. ಬ್ಯಾಂಕಿನವರಿಗಿ ಇಲ್ಲಂತೀನಿ. ನಾಳಿ ನಳ ಬರ್ತದ, ಟಾಕಿ ತುಂಬಿಸ್ಕೋರಿ," ಎಂದು ಮಗಳಿಗೆ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟರು.

ಈಗ ಇಲ್ಲಿ ನಮ್ಮ ಎರಡನೆಯ ಬೇಸಿಗೆ. ಗಂಡ ಸೋಮವಾರ ಹೋಗಿ ಶುಕ್ರವಾರ ಬರುತ್ತಾರೆ, ಅಲ್ಲಿ ಇಬ್ಬರು ಮೇಷ್ಟ್ರುಗಳ ಜೊತೆ ಒಂದು ಕೋಣೆ ಹಿಡಿದಿದ್ದಾರೆ. ಬಂದಾಗಲೆಲ್ಲ ಒಂದು ಸಲ, ವಾಡಿಯೇ ಪಾಡಿತ್ತು ಅನ್ನುತ್ತಾರೆ. ಮಗಳಿಗೆ ಕನ್ನಡದಲ್ಲಿ ಕಡಿಮೆ ಅಂಕ ಬರುತ್ತವೆ. ಮೊದಲ ದಿನ ನಕ್ಕ ಹುಡುಗಿಯರಲ್ಲಿ ಒಬ್ಬಳು ಈಗ ಅವಳ ಹತ್ತಿರ ತೆಲುಗು ಕಲಿಯುತ್ತಿದ್ದಾಳೆ. ಚಿತ್ತಾಪುರದ ಗೆಳತಿ ದಪ್ಪಗಾಗಿದ್ದಾಳೆ, ಸಂತೆಗೆ ಬಂದಾಗ ಆಸ್ಪತ್ರೆಗೆ ಬಂದು ಹೋಗುತ್ತಾಳೆ, ಬಂದವಳು ಬೇಗ ಏಳುವುದಿಲ್ಲ. ಕೆಲವು ದಿನ ನನಗೆ ಅವಳು ಬಂದದ್ದು ಸಂತೋಷ. ಕೆಲವು ದಿನ, ಯಾರಿಗೂ ನಾನು ಯಾರೆಂದು ಗೊತ್ತಿಲ್ಲದ ಒಂದು ಕಿಟಕಿಯಿಲ್ಲದ ಕೋಣೆ ಬೇಕೆನಿಸುತ್ತದೆ.

ಹೋದ ವಾರ ಹೈದರಾಬಾದಿನ ಆಸ್ಪತ್ರೆಯಿಂದ ಫೋನು ಬಂದಿತ್ತು. ನನ್ನ ಜಾಗಕ್ಕೆ ಬಂದಿದ್ದವರು ಬಿಟ್ಟು ಹೋಗಿದ್ದಾರಂತೆ. ಮರಳಿ ಬರುತ್ತೀರಾ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಯೋಚಿಸಿ ಹೇಳುತ್ತೇನೆ ಎಂಬ ಮಾತು ಬಂತು. ಗಂಡನಿಗೆ ಇನ್ನೂ ತಿಳಿಸಿಲ್ಲ. ತಿಳಿಸಿದರೆ ಅವರು ಹೂಂ ಅನ್ನುತ್ತಾರೋ ಒಲ್ಲೆ ಅನ್ನುತ್ತಾರೋ ಊಹಿಸಲಾಗುತ್ತಿಲ್ಲ. ಅವರು ಶುಕ್ರವಾರ ಬರುತ್ತಾರೆ.